ಸೇಮಿಗೆಯ ಮಣೆ

ನಮ್ಮ ಪುತ್ತೂರು ಸೀಮೆಯಲ್ಲಿ ಏಪ್ರಿಲ್ ತಿಂಗಳು ಬಂತೆಂದರೆ ಮನೆಗೆ ನೆಂಟರು ಬರುವ ಕಾಲವೆಂದು ಬೇರೆ ಹೇಳಬೇಕಾದುದಿಲ್ಲ. ೧೦ನೆಯ ತಾರೀಕಿಗೆ ಮಹಾಲಿಂಗೇಶ್ವರನ ಕೊಡಿಮರಕ್ಕೆ ಧ್ವಜವೇರುವುದು, ೧೭ಕ್ಕೆ ಬ್ರಹ್ಮರಥ, ಇವೆರಡರ ನಡುವಿನಲ್ಲಿ ವಿಷು. ದೇವರ ಉತ್ಸವಕ್ಕೆ ಬೇಕಾದುದನ್ನು ದೇವಸ್ಥಾನದವರು ನೋಡಿಕೊಳ್ಳುವರು. ಬಂದವರ ಹೊಟ್ಟೆಯ ಉತ್ಸವವನ್ನು ನೋಡಿಕೊಳ್ಳತಕ್ಕವರು ಮಾತ್ರ ಮನೆಮನೆಯ ಹೆಂಗಸರು. ಒಲೆಯ ಮುಂದೆ ಬೇಸಗೆಯ ಬೇಗೆ, ಬಾವಿಯಲ್ಲಿ ತಳ ಕಾಣುವ ನೀರು, ಅಂಗಳದಲ್ಲಿ ಒಣಗುತ್ತಿರುವ ಅಡಕೆ, ಇಂಥ ಹೊತ್ತಿನಲ್ಲಿಯೇ ಹಬ್ಬವೆಂಬುದು ಬಂದು ಜಗಲಿಯಲ್ಲಿ ಕುಳಿತುಕೊಳ್ಳುತ್ತದೆ.

ಕಳೆದ ವಿಷುವಿಗೆ ನಮ್ಮ ಮನೆಯಲ್ಲಿ ಎಲೆಗಳು ಹದಿನಾಲ್ಕು. ಬೆಂಗಳೂರಿನಿಂದ ಮಗನ ಸಂಸಾರ, ಸುಳ್ಯದ ಕಡೆಯಿಂದ ನನ್ನ ಅಕ್ಕ, ಅಕ್ಕನ ಮಕ್ಕಳು, ಮೊಮ್ಮಕ್ಕಳು. ಹೈಸ್ಕೂಲಿನಲ್ಲಿ ಓದುವ ನನ್ನ ಮೊಮ್ಮಗಳು ಬಸ್ಸಿಳಿದವಳೇ, "ಅಜ್ಜ, ಈ ಸಲ ಹಬ್ಬದ ರಾತ್ರಿಯ ಅಡಿಗೆ ನನ್ನದು. ಪಾಸ್ತಾ ಮಾಡುತ್ತೇನೆ" ಎಂದು ಸಾರಿದಳು. ಮನೆಯ ಹೆಂಗಸರೆಲ್ಲ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನನಗಂತೂ ಆ ಹುಡುಗಿಯ ಧೈರ್ಯವು ಮೆಚ್ಚಿಗೆಯಾಯಿತು. ಹದಿನಾಲ್ಕು ಮಂದಿಗೆ ಅಡಿಗೆ ಮಾಡುವೆನೆಂದು ಆ ಪ್ರಾಯದಲ್ಲಿ ಹೇಳುವುದೆಂದರೆ ಸಣ್ಣ ಮಾತಲ್ಲ.

ಆಕೆ ತಂದಿದ್ದ ಪೊಟ್ಟಣಗಳು ಎರಡು, ತಲಾ ಅರ್ಧ ಕಿಲೋದವು. ಪೊಟ್ಟಣದ ಮೇಲೆ ಅಚ್ಚುಹಾಕಿದ ಲೆಕ್ಕದಂತೆ ಅದು ಹತ್ತು ಹನ್ನೆರಡು ಜನರಿಗೆ ಸಾಕು. ಆದರೆ ಆ ಲೆಕ್ಕವನ್ನು ಬರೆದವರು ನಮ್ಮ ಅಕ್ಕನ ಮಕ್ಕಳು ಉಣ್ಣುವುದನ್ನು ಕಂಡವರಲ್ಲ. ಇನ್ನೂ ನಾಲ್ಕು ಪೊಟ್ಟಣ, ಚೀಸು, ಅದಕ್ಕೆಂದೇ ಬೇರೆ ಎಣ್ಣೆ, ಬಾಟಲಿಯ ಸಾಸು, ಒಣಗಿಸಿದ ಸೊಪ್ಪು, ಎಂದು ಚೀಟಿ ಬರೆದುಕೊಂಡು ಆಕೆಯ ತಂದೆ ಪೇಟೆಗೆ ಹೋಗಿ, ಅಂಗಡಿಯಲ್ಲಿ ಬೆಲೆ ಕೂಡಿಸಿ ನೋಡಿ, ಚೀಟಿಯನ್ನು ಹಾಗೆಯೇ ಮಡಚಿಕೊಂಡು ಹಿಂದಿರುಗಿದನು. ಜಿಪುಣನೆಂದು ನಾನು ಅವನನ್ನು ಹೇಳಲಾರೆ. ಇಬ್ಬರು ಮಕ್ಕಳ ಶಾಲೆಯ ಶುಲ್ಕವನ್ನು ಕಟ್ಟತಕ್ಕ ತಿಂಗಳು ಅದು. ಹುಡುಗಿಯ ಮುಖ ಮಾತ್ರ ಬಾಡಿತು.

ಆಗ ಒಳಗಿನಿಂದ ಅಕ್ಕನು, "ಅದಕ್ಕೇನು ಮಗಾ? ನಮ್ಮದೇ ಪಾಸ್ತಾ ಉಂಟಲ್ಲ. ಅಟ್ಟದಲ್ಲಿ ಸೇಮಿಗೆಯ ಮಣೆ ಇಲ್ಲವೇ?" ಎಂದಳು.

ಇಟಲಿಯವರ ಮಾತಿನಲ್ಲಿ ‘ಪಾಸ್ತಾ’ ಎಂದರೆ ಕಲಸಿದ ಹಿಟ್ಟು ಎಂದಷ್ಟೇ ಅರ್ಥ. ಎಳೆಯಾಗಿ ಒತ್ತಿದುದಕ್ಕೆ ಅವರು ‘ವರ್ಮಿಚೆಲ್ಲಿ’ ಎಂದೂ ಹೇಳುವರು. ಅದರ ಅರ್ಥ ‘ಸಣ್ಣ ಹುಳುಗಳು’. ತಿನ್ನುವ ವಸ್ತುವಿಗೆ ಇಂಥ ಹೆಸರನ್ನಿಡಲು ಅವರಿಗೆ ಹೇಗೆ ಮನಸ್ಸು ಬಂತೋ! ಸಿಸಿಲಿಯ ಪಲೆರ್ಮೋ ಪಟ್ಟಣದ ಹತ್ತಿರ ತ್ರಾಬಿಯಾ ಎಂಬಲ್ಲಿ ಇಂಥ ಎಳೆಗಳನ್ನು ಮಾಡಿ ಹಡಗುಗಳಲ್ಲಿ ದೂರದೇಶಗಳಿಗೆ ಕಳುಹಿಸುತ್ತಿದ್ದರೆಂದು ಅಲ್ ಇದ್ರೀಸಿ ಎಂಬ ಅರಬ ಭೂಗೋಳಜ್ಞನು ೧೧೫೪ರಲ್ಲಿ ಬರೆದಿಟ್ಟಿದ್ದಾನೆ. ಕನ್ನಡದವರು ಈ ವಿಷಯದಲ್ಲಿ ತಲೆತಗ್ಗಿಸಬೇಕಾದುದಿಲ್ಲ. ಅದಕ್ಕೂ ನೂರು ವರ್ಷಕ್ಕೆ ಮುಂಚೆ, ಸುಮಾರು ೧೦೨೫ರಲ್ಲಿ, ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಶಾವಿಗೆಯ ಕ್ರಮವನ್ನೂ ಅದನ್ನೊತ್ತುವ ಅಚ್ಚನ್ನೂ ಹೇಳಿದ್ದಾನೆ. ನಮ್ಮ ಮನೆಮಾತಿನಲ್ಲಿ ಅದು ‘ಸೇಮಗೆ’, ನೆರೆಯ ತುಳುವರಿಗೆ ‘ಸೇಮೆ’, ಗುಡ್ಡದಾಚೆಯ ಕ್ರೈಸ್ತರಿಗೆ ‘ಶೆವಯೊ’, ಘಟ್ಟ ಹತ್ತಿದರೆ ಕೊಡವರಿಗೆ ‘ನೂಪುಟ್ಟು’. ನಾವು ಅದನ್ನು ಬೆಲ್ಲದ ಕಾಯಿಹಾಲಿನಲ್ಲಿ ಅದ್ದಿ ಉಣ್ಣುವೆವು. ಬೇರೆಯವರು ಕೋಳಿಯ ಸಾರಿನಲ್ಲಿ ಅದ್ದುವರು. ಅದ್ದುವ ರಸ ಬೇರೆಯಾದರೂ ಒತ್ತುವ ಕಷ್ಟ ಎಲ್ಲರಿಗೂ ಒಂದೇ.

ಮೊಮ್ಮಗಳು ಅಷ್ಟಕ್ಕೇ ಬಿಡುವವಳಲ್ಲ. ಪಾಸ್ತಾವನ್ನು ಮನೆಯಲ್ಲಿಯೇ ಮಾಡಬಹುದೆಂದೂ, ಅದಕ್ಕೆ ಗಟ್ಟಿ ಗೋಧಿಯ ರವೆ ಸಾಕೆಂದೂ ಹೇಳಿದಳು. ಆ ಗೋಧಿ ಸಮುದ್ರದಾಚೆಯಿಂದಲೇ ಬರಬೇಕೆಂದಿಲ್ಲ. ನಮ್ಮ ಅಂಗಡಿಗಳಲ್ಲಿ ಬನ್ಸಿ ರವೆಯೆಂದು ಮಾರುವುದು ಅದೇ ಜಾತಿಯ ಗಟ್ಟಿ ಗೋಧಿಯದು. ಧಾರವಾಡ ವಿಜಾಪುರಗಳ ಕಡೆಯ ಕಪ್ಪು ನೆಲದಲ್ಲಿ ಬಹುಕಾಲದಿಂದ ಬೆಳೆಯುವಂಥದು. ಒಂದು ಕಿಲೋ ರವೆಯನ್ನು ತರಿಸಿ, ಬಿಸಿನೀರೂ ಉಪ್ಪೂ ಹಾಕಿ, ಅರ್ಧ ಗಂಟೆ ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟು, ಆಮೇಲೆ ಅದನ್ನು ಸೇಮಿಗೆಯ ಮಣೆಗೆ ತುಂಬಿ ಒತ್ತಲು ನೋಡಿದೆವು. ಮಗನೂ ಅಕ್ಕನ ಮಗನೂ ಸನ್ನೆಗೆ ಜೋತುಬಿದ್ದರು. ಮಣೆ ನರಳಿತೇ ಹೊರತು ಹಿಟ್ಟು ಅಲುಗಲಿಲ್ಲ. ಇಟಲಿಯವರು ಇದಕ್ಕಾಗಿಯೇ ಯಂತ್ರಗಳನ್ನಿಟ್ಟು, ಕಂಚಿನ ಅಚ್ಚಿನೊಳಗಿಂದ ದೂಡಿಸುವರಂತೆ. ಕೊನೆಗೆ ಹುಡುಗಿ ಅದನ್ನು ಲಟ್ಟಿಸಿ, ಚೂರಿಯಿಂದ ಪಟ್ಟಿಪಟ್ಟಿಯಾಗಿ ಕೊಯ್ದು, ಕುದಿಯುವ ನೀರಿನಲ್ಲಿ ಬೇಯಿಸಿ, ಟೊಮೇಟೊ, ಬೆಳ್ಳುಳ್ಳಿ, ತೋಟದ ಹಸಿ ಗೇರುಬೀಜ ಇಷ್ಟರಲ್ಲಿಯೇ ಒಂದು ಗೊಜ್ಜು ಮಾಡಿ ಮಕ್ಕಳಿಗೆ ಬಡಿಸಿದಳು. ನಾನೂ ಎರಡು ತುತ್ತು ತಿಂದೆನು. ಹಸಿ ಗೇರುಬೀಜ ಬಿದ್ದ ಅಡಿಗೆ ಕೆಟ್ಟುಹೋದುದನ್ನು ನಾನು ಇದುವರೆಗೆ ಕಂಡಿಲ್ಲ.

ಗೋಧಿಗೂ ಅಕ್ಕಿಗೂ ಇಲ್ಲಿ ಇರುವ ಭೇದವು ತಿಳಿಯತಕ್ಕದ್ದು. ಗೋಧಿಯ ಹಿಟ್ಟಿನಲ್ಲಿ ಅಂಟು ಹುಟ್ಟಿನಿಂದಲೇ ಉಂಟು. ನಾದಿದಷ್ಟೂ ಅದು ಹಗ್ಗದಂತೆ ಹಿಡಿದುಕೊಳ್ಳುವುದು. ಆದಕಾರಣ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹಸಿ ಹಿಟ್ಟನ್ನೇ ಶಾವಿಗೆಯಾಗಿ ಹೊಸೆದು, ಕೋಲಿಗೆ ಜೋತುಹಾಕಿ, ಬಿಸಿಲಿಗೆ ಒಣಗಿಸಿ ವರ್ಷವಿಡೀ ಇಡಬಲ್ಲರು. ಅಕ್ಕಿಗೆ ಆ ಅಂಟು ಇಲ್ಲ. ಅದನ್ನು ಬೇಯಿಸಿಯೇ ಅಂಟಿಸಬೇಕು, ಅದೂ ಒಂದು ಸಲವಲ್ಲ, ಎರಡು ಸಲ. ಬೆಳ್ತಿಗೆ ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಹಾಕಿ, ಕಿಲೋವೊಂದಕ್ಕೆ ಒಂದು ಕಾಯಿಯ ತುರಿಯನ್ನು ಕೂಡಿಸಿ, ಬೆರಳಿಗೆ ತರಿ ಸಿಕ್ಕದಂತೆ ನುಣ್ಣಗೆ ಅರೆಯಬೇಕು. ದೋಸೆಯ ಹಿಟ್ಟಿಗಿಂತಲೂ ತೆಳುವಾದ ಆ ಹಿಟ್ಟನ್ನು ಉಪ್ಪು ಹಾಕಿ ಬಾಣಲೆಯಲ್ಲಿ ಕಾಯಿಸುತ್ತ, ಸಟ್ಟುಗವನ್ನು ನಿಲ್ಲಿಸದೆ ತಿರುವಬೇಕು. ಮೊದಲು ತಳದಲ್ಲಿ ಗಂಟುಗಂಟಾಗಿ ಹೆದರಿಸುವುದು. ಆಮೇಲೆ ಇದ್ದಕ್ಕಿದ್ದಂತೆ ಒಂದುಗೂಡಿ ಬಾಣಲೆಯನ್ನು ಬಿಡುವುದು. ಒದ್ದೆ ಕೈಯಿಂದ ಮುಟ್ಟಿದರೆ ಅಂಟಬಾರದು. ಆ ಹದದಲ್ಲಿ ಇಳಿಸಿ, ಮಣೆಯ ಕೊಳವೆಗೆ ಹಿಡಿಸುವಷ್ಟು ದೊಡ್ಡ ಉಂಡೆಗಳನ್ನು ಕಟ್ಟಿ, ಅರ್ಧ ಗಂಟೆ ಹಬೆಯಲ್ಲಿ ಬೇಯಿಸಬೇಕು. ಬೆಂದ ಉಂಡೆಯನ್ನು ಹಬೆಯಿಂದ ತೆಗೆದ ಕೂಡಲೇ ಒತ್ತಬೇಕು. ಅಡಿಗೆಯ ಜೀವವೆಲ್ಲ ಆ ‘ಕೂಡಲೇ’ ಎಂಬ ಮಾತಿನಲ್ಲಿದೆ. ಬೆಂದ ಅಕ್ಕಿಯು ತಣಿಯುತ್ತ ಬಂದಂತೆ ಬಿಗಿದುಕೊಳ್ಳುವುದು. ಐದು ನಿಮಿಷ ತಡೆದರೆ ಭೀಮಸೇನನು ಬಂದರೂ ಒತ್ತಲಾರನು.

ಖರ್ಚನ್ನು ನೋಡಿದರೆ ಹದಿನಾಲ್ಕು ಮಂದಿಗೆ ಎರಡು ಕಿಲೋ ಅಕ್ಕಿ, ಹಿಟ್ಟಿಗೆ ಎರಡು ಕಾಯಿ, ಹಾಲಿಗೆ ನಾಲ್ಕು ಕಾಯಿ, ಒಂದು ಅಚ್ಚು ಬೆಲ್ಲ, ಹುರಿದ ಎಳ್ಳು ಒಂದು ಮುಷ್ಟಿ, ಒಂದು ಗೊನೆಯಿಂದ ಹಣ್ಣಾದ ನಾಲ್ಕು ಚಿಪ್ಪು ಕದಳಿ. ಕಾಯಿಯೂ ಹಣ್ಣೂ ತೋಟದವು. ಗೊಜ್ಜಿಗೆ ಕಾಡುಮಾವು ದಾರಿಯ ಮೇಲೆಯೇ ಬಿದ್ದಿರುವುದು. ಪಲ್ಯಕ್ಕೆ ಎಳೆಯ ಹಲಸು. ಇಷ್ಟರಿಂದ ರಸಾಯನದ ಊಟವಾಗಿ, ಉಳಿದುದಕ್ಕೆ ಮರುದಿನ ಬೆಳಗ್ಗೆ ಸಾಸಿವೆಯ ಒಗ್ಗರಣೆಯೂ ಆಗುವುದು. ಇಂಥ ಅಗ್ಗದ ಹಬ್ಬದೂಟವನ್ನು ನಾನು ಬೇರೆ ಅರಿಯೆನು. ಆದರೆ ಅಗ್ಗವೆಂಬ ಮಾತನ್ನು ಬರೆಯುವಾಗ ನನ್ನ ಲೇಖನಿ ಸ್ವಲ್ಪ ತಡೆಯುತ್ತದೆ. ಅದರ ಕಾರಣವನ್ನು ಹೇಳುವುದಕ್ಕಾಗಿಯೇ ಈ ಲೇಖನವನ್ನು ತೊಡಗಿದೆನು. ವಾಚಕರು ಇಷ್ಟು ಹೊತ್ತು ಅಡಿಗೆಯ ಮನೆಯಲ್ಲಿ ಕಾಯಬೇಕಾಯಿತು, ಕ್ಷಮಿಸಬೇಕು.

ಅದು ೧೯೭೧ನೆಯ ಇಸವಿಯ ವಿಷು. ನನಗೆ ಆಗ ಹನ್ನೆರಡು ನಡೆಯುತ್ತಿತ್ತು. ಅಡಕೆಯ ಧಾರಣೆ ಬಿದ್ದು ನಮ್ಮ ಕಡೆಯ ತೋಟದವರೆಲ್ಲ ಕೈಕಟ್ಟಿ ಕುಳಿತಿದ್ದ ಕಾಲ. ಮುಂದೆ ೧೯೭೩ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೋ ಸಂಘವು ಹುಟ್ಟಿದುದು ಈ ಸಂಕಟದಿಂದಲೇ. ಆದರೆ ೧೯೭೧ರ ಬೇಸಗೆಯಲ್ಲಿ ನಮಗೆ ಅದೆಲ್ಲ ತಿಳಿಯುವಂತಿರಲಿಲ್ಲ. ಅಪ್ಪನು ಮೂಟೆಗಳನ್ನು ಒಬ್ಬ ವ್ಯಾಪಾರಿಯ ಮಂಡಿಗೆ ಹಾಕಿದ್ದನು. ಹಣ ‘ನಾಳೆ’ ‘ನಾಡಿದ್ದು’ ಎಂದು ಮುಂದೆ ಹೋಗುತ್ತಲೇ ಇತ್ತು. ಸಾಲದುದಕ್ಕೆ ಮೂಟೆ ಎತ್ತುವಾಗ ಬೆನ್ನು ಹಿಡಿದುಕೊಂಡು, ಅಪ್ಪನು ಚಾವಡಿಯ ಚಾಪೆಯಲ್ಲಿ ಒಂದು ಮಗ್ಗುಲಿಗೆ ಮಲಗಿದ್ದನು. ತೋಟದ ಆಳುಗಳಿಗೂ ಆ ತಿಂಗಳು ಬರಬೇಡಿರೆಂದು ಹೇಳಿಯಾಗಿತ್ತು.

ಆ ವರ್ಷವೇ ಮಾಘಮಾಸದಲ್ಲಿ ಅಕ್ಕನ ಮದುವೆಯಾಗಿತ್ತು. ಮದುವೆಯಾದ ಮೇಲೆ ಮೊದಲನೆಯ ವಿಷು. ಅಕ್ಕನೂ ಭಾವನೂ ಸಂಜೆಯ ಬಸ್ಸಿಗೆ ಬಂದು, ರಥದವರೆಗೂ ನಿಲ್ಲುವರೆಂದು ಕಾಗದ ಬಂತು. ಹೊಸ ಅಳಿಯನ ಮುಂದೆ ಏನನ್ನಿಡುವುದು? ನೆರೆಯ ದೊಡ್ಡ ಮನೆಯಲ್ಲಿ ಹೋಳಿಗೆಗೆ ಮೈದಾ, ಸಕ್ಕರೆ, ತುಪ್ಪದ ಡಬ್ಬಿ ಬಂದುದನ್ನು ನಾನು ಕಣ್ಣಾರೆ ಕಂಡು ಬಂದಿದ್ದೆನು. ನಮ್ಮಲ್ಲಿ ಅಮ್ಮನು ಅಕ್ಕಿಮುಡಿಯ ತಳದಿಂದ ಅಕ್ಕಿಯನ್ನು ಅಳೆದು ನೆನೆಹಾಕುತ್ತಿದ್ದಳು.

"ಏನು ಮಾಡುತ್ತೀಯಮ್ಮ?"

"ಸೇಮಿಗೆ. ನೀನು ಮಧ್ಯಾಹ್ನ ಎಲ್ಲಿಗೂ ಹೋಗಬೇಡ. ಒತ್ತುವುದಕ್ಕೆ ಜನವಿಲ್ಲ."

ಸೇಮಿಗೆ ಒತ್ತುವುದು ಇಬ್ಬರ ಕೆಲಸ. ಹಲಸಿನ ಮರದ ದಪ್ಪ ಮಣೆ. ಅದರ ನಡುವೆ ಹಿತ್ತಾಳೆಯ ಕೊಳವೆ. ಕೊಳವೆಯ ಬುಡಕ್ಕೆ ತೂತುಗಳ ಬಿಲ್ಲೆ. ಮೇಲಿನಿಂದ ಇಳಿಯುವ ಮರದ ಗೂಟ. ಅದನ್ನು ಅದುಮುವುದಕ್ಕೆ ಮಾರುದ್ದದ ಸನ್ನೆ. ಒಬ್ಬನು ಸನ್ನೆಯ ತುದಿಗೆ ಮೈಭಾರವನ್ನು ಹಾಕಬೇಕು. ಮತ್ತೊಬ್ಬರು ಕೆಳಗೆ ಬಾಳೆಲೆಯನ್ನು ಹಿಡಿದು, ಇಳಿಯುವ ಎಳೆಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾಗದಂತೆ ಸುತ್ತಿಸುತ್ತ ಇರಬೇಕು. ಸನ್ನೆ ಯಾವಾಗಲೂ ಅಪ್ಪನದು, ಎಲೆ ಅಮ್ಮನದು. ಆ ವರ್ಷ ಸನ್ನೆಯು ನನ್ನ ಪಾಲಿಗೆ ಬಂದಿತ್ತು.

ನಾನು ಅಮ್ಮನಿಗೆ ಕೊಟ್ಟ ಉತ್ತರವನ್ನು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಹೇಳಿರಲಿಲ್ಲ. "ಒಂದು ಹೋಳಿಗೆ ಮಾಡಿಹಾಕಲು ಗತಿಯಿಲ್ಲದವರು ಅಳಿಯನನ್ನು ಯಾಕೆ ಕರೆಯಬೇಕಾಗಿತ್ತು?" ಎಂದೆನು. ಚಾವಡಿಯಲ್ಲಿ ಮಲಗಿದ್ದ ಅಪ್ಪನಿಗೂ ಕೇಳಬೇಕೆಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದೆನು. ಅಪ್ಪನು ಗೋಡೆಯ ಕಡೆಗೆ ತಿರುಗಿದನು. ಬೆನ್ನಿನ ನೋವಿಗೆ ಹಾಗೆ ತಿರುಗಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಅಮ್ಮನು ಏನೂ ಹೇಳದೆ ಅಕ್ಕಿಯ ನೀರನ್ನು ಬಸಿದಳು.

ಊಟವಾದ ಮೇಲೆ ನಾನು ಹಿತ್ತಿಲ ತಡಮೆಯನ್ನು ದಾಟಿ ಎರಡು ಮೈಲು ನಡೆದು ದೇವರಮಾರು ಗದ್ದೆಗೆ ಹೋದೆನು. ಜಾತ್ರೆಯ ಅಂಗಡಿಗಳು ಆಗಲೇ ಎದ್ದಿದ್ದುವು. ಕೈಯಲ್ಲಿ ಕಾಸಿರಲಿಲ್ಲ, ತಿರುಗುವ ತೊಟ್ಟಿಲನ್ನು ನೋಡುತ್ತ, ಬಳೆಯಂಗಡಿಯವನ ಬಾಯಿಮಾತನ್ನು ಕೇಳುತ್ತ ಸಂಜೆಯ ತನಕ ಅಲ್ಲಿಯೇ ಸುತ್ತಿದೆನು. ಸುಖವಾಗಿತ್ತೆಂದು ಹೇಳಲಾರೆ. ಆದರೆ ಹಿಂದಿರುಗುವುದಕ್ಕೆ ನಾಚಿಕೆ. ನಾಚಿಕೆ ಹೆಚ್ಚಿದಷ್ಟೂ ಹೊತ್ತು ಹೆಚ್ಚಾಗುವುದು, ಹೊತ್ತು ಹೆಚ್ಚಿದಷ್ಟೂ ನಾಚಿಕೆ. ಕತ್ತಲಾಗಿ ಮನೆಗೆ ಬಂದಾಗ ಅಕ್ಕ ಭಾವಂದಿರು ಬಂದು ಕೈಕಾಲು ತೊಳೆದಾಗಿತ್ತು. ಅಡಿಗೆಯ ಮನೆಯಲ್ಲಿ ದೊಡ್ಡ ಬುಟ್ಟಿಯಲ್ಲಿ ಬಾಳೆಲೆಯ ಮೇಲೆ ಸೇಮಿಗೆಯು ಮಲ್ಲಿಗೆಯ ರಾಶಿಯಂತೆ ಬೆಳ್ಳಗೆ ಇತ್ತು. ಮಣೆಯನ್ನು ತೊಳೆದು ಮೂಲೆಗೆ ಒರಗಿಸಿತ್ತು. ಅಮ್ಮನು ನನ್ನನ್ನು ನೋಡಿ, "ಕಾಲು ತೊಳೆದು ಬಾ, ಎಲೆ ಹಾಕುತ್ತೇನೆ" ಎಂದಳೇ ಹೊರತು ಬೇರೊಂದು ಮಾತನ್ನಾಡಲಿಲ್ಲ.

ಊಟಕ್ಕೆ ಕುಳಿತಾಗ ಭಾವನು ಮೊದಲನೆಯ ತುತ್ತಿಗೇ, "ಅತ್ತೆ, ಸೇಮಿಗೆ ಎಷ್ಟು ಸಪೂರ, ಎಷ್ಟು ಉದ್ದ! ಮಾವನಿಗೆ ಬೆನ್ನುನೋವೆಂದರಲ್ಲ, ಒತ್ತಿದವರು ಯಾರು?" ಎಂದು ಕೇಳಿದರು.

ಅಮ್ಮನು ಕಾಯಿಹಾಲನ್ನು ಬಡಿಸುತ್ತಿದ್ದಳು. ಸಟ್ಟುಗವನ್ನು ಎಡಗೈಯಲ್ಲಿ ಹಿಡಿದಿದ್ದಳು. ಎಡಗೈಯಿಂದ ಬಡಿಸುವ ಹೆಂಗಸಲ್ಲ ಅವಳು. ಆದರೆ ಅದು ನನಗೆ ಆಗ ಹೊಳೆಯಲಿಲ್ಲ. "ಇವನೇ" ಎಂದು ನನ್ನ ಕಡೆಗೆ ಗಲ್ಲ ಎತ್ತಿ ತೋರಿಸಿದಳು. "ಮಧ್ಯಾಹ್ನದಿಂದ ಇವನೊಬ್ಬನೇ ಕೂತು ಒತ್ತಿದ್ದು."

ಭಾವನವರು ಬಹಳ ಹೊಗಳಿದರು. ಮರುದಿನ ಒಂದು ರೂಪಾಯಿಯ ನೋಟನ್ನೂ ಕೊಟ್ಟರು. ಎಳೆಯು ಸಪೂರವಾಗುವುದು ಬಿಲ್ಲೆಯ ತೂತಿನಿಂದ. ಅದರಲ್ಲಿ ಒತ್ತಿದವರ ಹೆಚ್ಚುಗಾರಿಕೆಯೇನೂ ಇಲ್ಲ. ಉದ್ದದ ಮಾತು ಬೇರೆ. ಉಂಡೆ ತಣಿಯುವುದರೊಳಗೆ, ನಡುವೆ ಕೈಬಿಡದೆ, ಒಂದೇ ಉಸಿರಿನಲ್ಲಿ ಒತ್ತಿದರೆ ಮಾತ್ರ ಎಳೆಯು ತುಂಡಾಗದೆ ಬರುವುದು. ಸನ್ನೆಯನ್ನು ಸೊಂಟದಿಂದ ಅದುಮುತ್ತ, ಒಂದು ಕೈಯಲ್ಲಿ ಎಲೆಯನ್ನು ಸುತ್ತಿಸುತ್ತ, ಮತ್ತೊಂದು ಕೈಯನ್ನು ಹಬೆಯ ಪಾತ್ರೆಗೆ ಹಾಕುತ್ತ, ನಾಲ್ಕು ಜನರ ತೋಳಿನ ಕೆಲಸವನ್ನು ಅವಳೊಬ್ಬಳೇ ಹೇಗೆ ಮಾಡಿದಳೆಂದು ನನಗೆ ಈಗಲೂ ತಿಳಿಯದು. ಆ ರೂಪಾಯಿಯನ್ನು ನಾನು ರಥದ ದಿನ ಖರ್ಚುಮಾಡಿದೆನು. ತಿರುಗುವ ತೊಟ್ಟಿಲಿನಲ್ಲಿ ಎರಡು ಸಲ ಕುಳಿತೆನು, ಉಳಿದುದಕ್ಕೆ ಮಿಠಾಯಿ.

ಅಮ್ಮನು ೧೯೯೮ರಲ್ಲಿ ತೀರಿಕೊಂಡಳು. ಇಪ್ಪತ್ತೇಳು ವರ್ಷಗಳಲ್ಲಿ ಒಂದು ದಿನವಾದರೂ ಅವಳೊಡನೆ ಆ ಮಾತನ್ನು ಎತ್ತುವುದಕ್ಕೆ ನನಗೆ ಬಿಡುವಾಗಲಿಲ್ಲವೆಂದು ಹೇಳಿದರೆ ಯಾರು ನಂಬುವರು? ಪ್ರತಿ ವಿಷುವಿಗೂ ಸನ್ನೆಯನ್ನು ನಾನೇ ಹಿಡಿಯುತ್ತಿದ್ದೆನು. ಅದನ್ನೇ ಉತ್ತರವೆಂದು ಅವಳು ತಿಳಿದುಕೊಂಡಿರಬಹುದೆಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆನು. ಆಮೇಲೆ ಮನೆಗೆ ತಿರುಗಿಸುವ ಕಬ್ಬಿಣದ ಒರಳು ಬಂತು. ಮರದ ಮಣೆ ಅಟ್ಟಕ್ಕೇರಿತು.

ಕಳೆದ ವಿಷುವಿನಂದು ಅಟ್ಟದಿಂದ ಇಳಿಸಿದುದು ಅದೇ ಮಣೆ. ಕಬ್ಬಿಣದ ಒರಳಿನ ಸ್ಕ್ರೂ ಸವೆದು ಎರಡು ವರ್ಷವಾಗಿತ್ತು. ಹುಣಿಸೆಹುಳಿಯಿಂದ ಹಿತ್ತಾಳೆಯನ್ನು ತಿಕ್ಕಿ, ಮರಕ್ಕೆ ಎಣ್ಣೆ ಹಚ್ಚಿ ಸಿದ್ಧಮಾಡಿದೆವು. ಗೋಧಿಯ ಹಿಟ್ಟಿಗೆ ಸೋತ ಮಣೆಯು ಅಕ್ಕಿಯ ಉಂಡೆಗೆ ಮೆತ್ತಗೆ ಸೋಬಾನೆ ಹಾಡಿದಂತೆ ಒಲಿಯಿತು. ಮೊಮ್ಮಗಳು ಕೆಳಗೆ ಎಲೆ ಹಿಡಿದು ಕುಳಿತಳು. ಮೊದಲ ಎರಡು ಸುತ್ತು ಮುದ್ದೆಯಾದುವು. ಮೂರನೆಯದರಿಂದ ಕೈ ಕೂಡಿಬಂತು. ಆಗಲೇ ಗುಡುಗು ಮಳೆ ಸುರುವಾಗಿ ದೀಪಗಳು ಆರಿದುವು. ಅರೆಯುವ ಕೆಲಸ ಅಷ್ಟರಲ್ಲಿ ಮುಗಿದಿದ್ದುದು ದೇವರ ದಯೆ. ಒಲೆಯ ಬೆಳಕಿನಲ್ಲಿಯೇ ಕೆಲಸ ಸಾಗಿತು.

"ಅಜ್ಜ, ನಿನಗೆ ಇದು ಇಷ್ಟು ಚೆನ್ನಾಗಿ ಯಾರು ಕಲಿಸಿದ್ದು?" ಎಂದು ಹುಡುಗಿ ಕೇಳಿದಳು.

ಕತ್ತಲಿನಲ್ಲಿ ಮುಖ ಕಾಣದು. ಅದರಿಂದಲೋ ಏನೋ ನಾನು ಎಲ್ಲವನ್ನೂ ಹೇಳಿಬಿಟ್ಟೆನು. ಹೋಳಿಗೆಯ ಮಾತನ್ನು, ದೇವರಮಾರು ಗದ್ದೆಯನ್ನು, ಅಮ್ಮನು ಹೇಳಿದ ಸುಳ್ಳನ್ನು, ರೂಪಾಯಿಯನ್ನು. ಹೇಳುತ್ತ ಹೇಳುತ್ತ ಸನ್ನೆಯ ಮೇಲಿನ ಕೈ ನಿಂತುಹೋಗಿತ್ತು. ಹುಡುಗಿ ಏನೂ ಹೇಳಲಿಲ್ಲ. ಎಲೆಯನ್ನು ಹಿಡಿದ ಕೈಯನ್ನೂ ಅವಳು ತೆಗೆಯಲಿಲ್ಲ.

ಒಲೆಯ ಬಳಿ ಕಾಲು ಚಾಚಿ ಕುಳಿತಿದ್ದ ಅಕ್ಕನಿಗೆ ಕಿವಿ ಮಂದವೆಂದು ನಾವು ತಿಳಿದಿದ್ದೆವು. ಅವಳು ಕೊಳ್ಳಿಯನ್ನು ಒಳಕ್ಕೆ ನೂಕುತ್ತ, "ಆ ರಾತ್ರಿ ಅಮ್ಮನ ಅಂಗೈಗೆ ಬೆಣ್ಣೆ ಹಚ್ಚಿದವಳು ನಾನೇ" ಎಂದಳು. "ಬಲಗೈಯ ತುಂಬ ಬೊಕ್ಕೆಗಳು. ‘ಒಬ್ಬನೇ ಹುಡುಗ, ಅವನಿಗೆ ಹೊಸ ಭಾವನ ಮುಂದೆ ಅವಮಾನವಾಗಬಾರದು, ಯಾರಿಗೂ ಹೇಳಬೇಡ’ ಎಂದಿದ್ದಳು. ನಾನೂ ಹೇಳಲಿಲ್ಲ."

"ಭಾವನಿಗೆ ಗೊತ್ತಿತ್ತೇ?"

"ಎಡಗೈಯಲ್ಲಿ ಬಡಿಸಿದ್ದನ್ನು ಅವರು ನೋಡಲಿಲ್ಲವೆಂದು ತಿಳಿದೆಯಾ? ಆ ರೂಪಾಯಿಯನ್ನು ನೀನು ಅಮ್ಮನಿಗೆ ಕೊಡುವೆಯೆಂದು ಅವರು ರಥದ ದಿನದ ತನಕ ಕಾದಿದ್ದರು." ಅಕ್ಕನು ಹಬೆಪಾತ್ರೆಯ ಮುಚ್ಚಳವನ್ನು ತೆಗೆದು ನನ್ನ ಕಡೆಗೆ ಮತ್ತೊಂದು ಉಂಡೆಯನ್ನು ಚಾಚಿದಳು. "ಹಿಡಿ. ತಣಿದರೆ ಒತ್ತಲು ಆಗದು."